ನೀರುಗಂಟಿಯ ಗುಗ್ಗುಳ

ಮೂವತ್ತೊಂದು ವರ್ಷ ನಾಲೆಯ ತೂಬು
ಎತ್ತಿ ಇಳಿಸಿದ ಕೈ ಇದು.
ನಿವೃತ್ತಿಯ ದಿನ ಹಾಕಿದ ಹಾರ ಸಂಜೆಗೇ ಬಾಡಿತು,
ತಿರುಪಿನ ಹಿಡಿ ಒತ್ತಿದ ಗುರುತು
ಅಂಗೈಯಲ್ಲಿ ಇನ್ನೂ ಹಾಗೇ ಇದೆ.
ಈಗ ಈ ಕೈಗೆ ಒಂದೇ ಕೆಲಸ:
ಹಿತ್ತಲ ಮೂಲೆಯ ಒಂದು ಗಿಡಕ್ಕೆ
ನೀರು ಹಾಕದೆ ಇರುವುದು.

ಸಾಮಿಲ್ಲಿನ ರತನ್‌ಶಿ ಪಟೇಲರು ತಂದ ಕಡ್ಡಿ.
ಕಛ್‌ನಿಂದ ರೈಲಿನಲ್ಲಿ, ನನಗೆ ಓದಲು ಬಾರದ
ಅಕ್ಷರದ ಪೇಪರಿನಲ್ಲಿ ಸುತ್ತಿಕೊಂಡು
ಗುತ್ತಲಿನ ತನಕ ಬಂದದ್ದು.
'ಗುಗ್ಗುಳ,' ಅಂದರು. 'ನಮ್ಮ ಕಡೆಯೂ ಈಗ ಅಪರೂಪ,
ಅಂಟಿಗೋಸ್ಕರ ಗಾಯ ಮಾಡಿ ಮಾಡಿ ಮುಗಿಸಿಬಿಟ್ಟರು.
ಮರಳಲ್ಲಿ ನೆಡಿ, ಆಮೇಲೆ ಮರೆತುಬಿಡಿ.
ಹಿಮಕ್ಕೆ ಮಾತ್ರ ಹೆದರುತ್ತೆ. ಒಂದು ರಾತ್ರಿ ಬಿದ್ದರೆ
ಬೆಳಿಗ್ಗೆ ಎಳೇ ರೆಂಬೆ ಸುಟ್ಟ ಬತ್ತಿ.'
'ಮಂಡ್ಯದಲ್ಲಿ ಎಲ್ಲಿ ಹಿಮ ಬೀಳ್ತದೆ ಸೇಟು?' ಅಂದೆ.
'ನೀರಿದೆಯಲ್ಲ,' ಅಂದರು.

ಮೊದಲ ಕಡ್ಡಿಯನ್ನು ಕೊಂದವನು ನಾನೇ.
ಮಣ್ಣು ಮುಟ್ಟಿದರೆ ತಣ್ಣಗಿರಬೇಕು,
ನನಗೆ ಗೊತ್ತಿದ್ದ ಧರ್ಮ ಅದೊಂದೇ.
ರಾತ್ರಿ ಎದ್ದು, ಯಾರಿಗೂ ಹೇಳದೆ, ಒಂದು ಚೊಂಬು.
ಮಾರನೆ ರಾತ್ರಿ ಇನ್ನೊಂದು.
ಹದಿನೈದನೇ ದಿನ ಎಳೆದರೆ
ಕೊಳೆತ ಬಾಳೆದಿಂಡಿನ ಹಾಗೆ ಕೈಗೇ ಬಂತು.
'ಆಡು ತಿಂದ್ಕೊಂಡ್ ಹೋಯ್ತು' ಅಂದೆ.
ಪಟೇಲರು ನಂಬಲಿಲ್ಲ,
ಮುಂದಿನ ದೀಪಾವಳಿಗೆ ಇನ್ನೊಂದು ತಂದರು.

ನಾಲೆ ಏರಿಯ ಮೇಲೆ ನಾನು ಕೇಳದ ಮಾತಿಲ್ಲ.
ಎರಡು ಗಳಿಗೆ ಹೆಚ್ಚು ಬಿಡು ಅಂದವರು,
ಕೋಳಿ ಕೊಟ್ಟವರು, ಮಚ್ಚು ತೋರಿಸಿದವರು,
ಕೊನೇ ಗದ್ದೆಯ ಬೋರಲಿಂಗ,
ಕಾಲುವೆಗೆ ತಾನೇ ಅಡ್ಡ ಮಲಗಿಬಿಟ್ಟವನು.
ಮೂವತ್ತೊಂದು ವರ್ಷದಲ್ಲಿ
ಸಾಕು ಅಂದ ಒಂದು ಬಾಯಿ ಇಲ್ಲ.
ಈ ಗಿಡ ಅನ್ನುತ್ತದೆ.
ಮುಳ್ಳಿನ ತುದಿಯಲ್ಲಿ ಅನ್ನುತ್ತದೆ,
ಇದ್ದ ನಾಲ್ಕು ಎಲೆಯನ್ನೂ ಉದುರಿಸಿ ಅನ್ನುತ್ತದೆ,
ಈರುಳ್ಳಿ ಸಿಪ್ಪೆಯಂಥ ತೊಗಟೆಯನ್ನು
ತಾನೇ ಪರಪರ ಬಿಚ್ಚಿಕೊಂಡು.

ಧನುರ್ಮಾಸ. ಗದ್ದೆಬಯಲಿನ ಮಂಜು
ಕಾಂಪೌಂಡು ಹತ್ತಿ ಒಳಗೆ ಇಳಿಯುವ ಹೊತ್ತು.
ಕಾರ್ಖಾನೆ ಕಡೆಯಿಂದ ಕಾಕಂಬಿಯ ನಾತ.
ನಾಲ್ಕಕ್ಕೇ ಎಚ್ಚರ, ಹಳೇ ಚಾಳಿ.
ಪಾಳಿ ನೀರು ನೋಡಲು ಹೋದ ಹಾಗೆ
ಟಾರ್ಚು ಹಿಡಿದು ಹಿತ್ತಲಿಗೆ ಹೋಗುತ್ತೇನೆ.
ನಾಲ್ಕು ಗೂಟದ ಮೇಲೆ ನನ್ನ ಕಂಬಳಿ ಇದೆ,
ನಾಲೆ ಮೇಲೆ ಮಳೆಯನ್ನೂ ಬೈಗುಳವನ್ನೂ ತಡೆದದ್ದು.
ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತದೆ.
ಗೇಜುಕಲ್ಲಿನಲ್ಲಿ ಅಡಿ ಅಳೆದು ಬಿಟ್ಟವನು
ಒಂದೊಂದೇ ಹನಿಯನ್ನು
ಬೆರಳಲ್ಲಿ ಒರೆಸುತ್ತೇನೆ.

'ಮೈಗೆ ಕಂಬ್ಳಿ ಇಲ್ಲ, ಕಡ್ಡಿಗೆ ಹೊದಿಸವ್ರೆ.
ಸತ್ತೋಗದೆ ಅದು. ಒಲೆಗಾದ್ರೂ ಆಗದು,'
ಪಕ್ಕದ ಮನೆಗೂ ಕೇಳುವಂತೆ ನಿಂಗಾಜಮ್ಮ.
ಅವಳ ಕರಿಬೇವು, ಅವಳ ಸೀಬೆ,
ಬಚ್ಚಲ ನೀರಿನ ಬಾಳೆ
ಕುಡಿದದ್ದೇ ಕುಡಿದದ್ದು, ಬೆಳೆದದ್ದೇ ಬೆಳೆದದ್ದು.
ನಾನು ಏನು ಹೇಳಲಿ. ನನಗೂ ಅನುಮಾನವೇ.

ಸಂಕ್ರಾಂತಿಯ ಮಾರನೆ ದಿನ
ಪಿಂಚಣಿ ಕಾಗದಕ್ಕೆ ಬ್ಯಾಂಕಿಗೆ ಹೋದವನು, ಮುಚ್ಚಿತ್ತು, ಬೇಗ ಬಂದೆ.
ಅವಳು ಕಂಬಳಿಯೊಳಗೆ ತಲೆ ತೂರಿಸಿ ಕೂತಿದ್ದಳು.
ಹೆಬ್ಬೆರಳ ಉಗುರಿನಲ್ಲಿ ತೊಗಟೆಯನ್ನು
ಇಷ್ಟೇ ಇಷ್ಟು ಕೆರೆದು,
ಕನ್ನಡಕ ಹಣೆಗೆ ಏರಿಸಿ ನೋಡುತ್ತಿದ್ದಳು.
ಬಾಗಿಲ ಮರೆಯಲ್ಲಿ ನಿಂತ ನನಗೂ ಕಂಡಿತು:
ಅಕ್ಕಿಕಾಳಿನಷ್ಟು ಹಸಿರು.
ಉಗುರು ಮೂಸಿದಳು. ಸುತ್ತ ನೋಡಿದಳು.
ಇನ್ನೊಂದು ಸಲ ಮೂಸಿದಳು.
ಗಾಳಿಗೆ ಹಾರದಂತೆ ಕಂಬಳಿಯ ಅಂಚಿಗೆ
ಒಂದು ಕಲ್ಲು ಸರಿಸಿಟ್ಟು ಎದ್ದಳು.

ರಾತ್ರಿ ಮುದ್ದೆಯಲ್ಲಿ ಗುಗ್ಗುಳದ ವಾಸನೆ.
ಅವರೆಕಾಳು ಸಾರಿನ ಅಡಿಯಲ್ಲಿ ಸಣ್ಣಗೆ,
ಯಾವುದೋ ದೂರದೂರಿನ ಪೂಜೆಯ ಹಾಗೆ.
'ಸಾಕಾ?' ಅಂದಳು.
'ಇನ್ನರ್ಧ ಇಕ್ಕು,' ಅಂದೆ.